ಶೈಲಾಗೊಂದು ಸ್ಟೂಲು

ಶೈಲಾ ಊಟಕ್ಕೆ ಕೂತಾಗ ಎಡಗಾಲನ್ನು ಮಡಚುತ್ತಿಲ್ಲ ಎಂಬುದನ್ನು ಮೊದಲು ಗಮನಿಸಿದವಳು ಅವಳ ವೈನಿ ದೀಪಾಲಿ. ಅತ್ತೆ, ಮಾವ, ಗಂಡ ಮಾಂತು, ನಾದಿನಿ ಶೈಲಾ ಎಲ್ಲರೂ ಆ ಒಂದೇ ಕೋಣೆಯಲ್ಲಿ ತಾಟು ಮುಂದಿಟ್ಟುಕೊಂಡು ಕೂತರೆ ಬಾಗಿಲು ತೆಗೆಯಲಿಕ್ಕೂ ಜಾಗ ಉಳಿಯುತ್ತಿರಲಿಲ್ಲ. ಅಂಥದರಲ್ಲಿ ಒಬ್ಬಳು ಕಾಲು ಚಾಚಿ ಕೂತರೆ ಕಾಣದೆ ಇರುತ್ತದೆಯೇ? ದೀಪಾಲಿ ಮರುದಿನ ಬಟ್ಟೆ ಒಗೆಯುವಾಗ ಶೈಲಾಳ ಸೀರೆಯೊಳಗಿನ ಪರಕಾರದ ಅಂಚಿಗೆ ಹತ್ತಿದ ಕೀವಿನ ಕಲೆ ನೋಡಿದಳು. ಅದನ್ನು ಹಾಗೆಯೇ ತಂದು ಅತ್ತೆಯ ಮುಂದೆ ಹಿಡಿದಳು.

ಚನ್ನಬಸವ್ವ ಮಗಳನ್ನು ಬಚ್ಚಲಿಗೆ ಕರೆದು ಸೀರೆ ಎತ್ತಿಸಿದಳು. ಮೀನಖಂಡದ ಮೇಲೆ ನರಗಳು ಹಗ್ಗದ ಹಾಗೆ ಹುರಿಗಟ್ಟಿದ್ದವು. ಹರಡಿನ ಮೇಲೆ ಚರ್ಮ ಕಪ್ಪಾಗಿ, ನಡುವೆ ಹಸಿ ಹುಣ್ಣೊಂದು ಬಾಯಿ ಬಿಟ್ಟಿತ್ತು.

"ಯಾವಾಗಿಂದ ಅದ ಇದು?"

"ದೀಪಾವಳಿ ಸೀಜನ್ನಿನ್ಯಾಗ ಸುರು ಆತವ್ವಾ."

"ಬಾಯಿ ಇರಲಿಲ್ಲೇನು ನಿನಗ?"

ಬಾಯಿ ಇತ್ತು, ಬಳಸುವ ರೂಢಿ ಇರಲಿಲ್ಲ. ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಅವ್ವನಿಗೆ ಆಪರೇಷನ್ ಆಗಿ ಶೈಲಾ ಶಾಲೆ ಬಿಟ್ಟು ಒಲೆಯ ಮುಂದೆ ಕೂತಳು. ಅವ್ವ ಎದ್ದು ಓಡಾಡುವ ಹಾಗಾದಳು, ಆದರೆ ಶೈಲಾ ಶಾಲೆಗೆ ಮರಳಲಿಲ್ಲ, ಮರಳು ಅಂತ ಯಾರೂ ಹೇಳಲೂ ಇಲ್ಲ. ಅಂದಿನಿಂದ ಆ ಮನೆಯಲ್ಲಿ ಅವಳು ಆಡುವುದಕ್ಕಿಂತ ಕೇಳುವುದೇ ಹೆಚ್ಚು. ಅಣ್ಣ ಚಪ್ಪಲಿ ಬಿಡುವ ಸದ್ದಿನಲ್ಲೇ ಅವನ ದಿನ ಹೇಗೆ ಹೋಯಿತೆಂದು ತಿಳಿಯುತ್ತಿದ್ದಳು.

ಅರಿಶಿನ, ಔಡಲೆಣ್ಣೆ ಎರಡೂ ಹುಣ್ಣನ್ನು ಒಣಗಿಸಲಿಲ್ಲ. ಕಡೆಗೆ ಪುಣೆಯ ಕ್ಯಾಂಪ್ ಭಾಗದ ಡಾಕ್ಟರರ ಹತ್ತಿರ ಹೋದರು. ಅವರು ಕೇಳಿದ್ದು ಒಂದೇ ಮಾತು, ದಿನವಿಡೀ ನಿಲ್ಲುವ ಕೆಲಸವೇ ಎಂದು. ಕಾಲಿಗಿಳಿದ ರಕ್ತ ಮೇಲೇರಬೇಕು, ನಿಂತೇ ಇದ್ದರೆ ಏರುವುದಿಲ್ಲ, ಬಿಗಿಯಾಗಿ ಪಟ್ಟಿ ಕಟ್ಟಿಕೋ, ನಡುನಡುವೆ ಕೂತು ಕಾಲೆತ್ತಿಡು, ಇಲ್ಲದಿದ್ದರೆ ಈ ಹುಣ್ಣು ಮಾಯುವುದಿಲ್ಲ ಎಂದರು. ದವಾಖಾನೆಯ ಮೆಟ್ಟಿಲಿಳಿಯುವಾಗ ಚನ್ನಬಸವ್ವ ಮಗಳ ಕೈ ಹಿಡಿದು ತಗ್ಗಿದ ದನಿಯಲ್ಲಿ ಹೇಳಿದಳು.

"ಕಾಲಿನ ಸುದ್ದಿ ಯಾರ ಮುಂದೂ ತಗೀಬ್ಯಾಡ. ನಿನ್ನ ಮದಿವಿ ಇನ್ನೂ ಆಗೋದದ."

ಶೈಲಾ ಕೆಲಸಕ್ಕಿದ್ದದ್ದು ಹಂಚಿನಾಳ ಶೆಟ್ಟರ ಸೀರೆ ಅಂಗಡಿಯಲ್ಲಿ. ಅವಳ ಅಪ್ಪ ಹೊಳಬಸಪ್ಪ ಮೀಸೆ ಮೂಡುವ ವಯಸ್ಸಿಗೆ ಇಳಕಲ್ಲಿನಿಂದ ಪುಣೆಗೆ ಬಂದು ಸೇರಿದ್ದು ಇದೇ ಅಂಗಡಿಗೆ, ಮುದುಕನಾಗಿ ಹೊರಬಿದ್ದದ್ದೂ ಇಲ್ಲಿಂದಲೇ. ಅವನ ಕಾಲದಲ್ಲಿ ಅಂಗಡಿಯ ತುಂಬ ಬಿಳಿ ಚಾದರ ಹಾಸಿದ ಗಾದಿ ಇರುತ್ತಿತ್ತು. ಹೊಳಬಸಪ್ಪ ಚಕ್ಕಳಮಕ್ಕಳ ಹಾಕಿಕೊಂಡು ಕೂತು, "ಬರ್ರಿ ಅಕ್ಕಾರ, ಕೂಡ್ರಿ, ನೀರು ಕುಡೀರಿ" ಎಂದು ಹೆಣ್ಣುಮಕ್ಕಳನ್ನು ಎದುರಿಗೆ ಕೂಡಿಸಿಕೊಂಡು ಸೀರೆಯ ಸೆರಗು ಬಿಚ್ಚುತ್ತಿದ್ದ. ದೊಡ್ಡ ಸಾವ್ಕಾರರು ತೀರಿಕೊಂಡ ಮೇಲೆ ಮಗ ಸುಹಾಸ ಗಾದಿ ತೆಗೆಸಿ ಗಾಜಿನ ಕೌಂಟರು, ಕಣ್ಣು ಕುಕ್ಕುವ ದೀಪ ಹಾಕಿಸಿದ. ಗಾದಿಯ ಗಂಡಸರನ್ನು ಬಿಡಿಸಿ ಒಂದೇ ಬಣ್ಣದ ಸೀರೆಯುಟ್ಟ ಹೆಣ್ಣುಮಕ್ಕಳನ್ನು ಇಟ್ಟುಕೊಂಡ. ಹೊಳಬಸಪ್ಪನ ಮೇಲಿನ ಅಭಿಮಾನಕ್ಕೆ ಅವನ ಮಗಳಿಗೂ ಒಂದು ಜಾಗ ಕೊಟ್ಟ.

ಕೌಂಟರಿನ ಹಿಂದೆ ಕೂಡುವಂತಿಲ್ಲ. ಗಿರಾಕಿ ಇಲ್ಲದಾಗಲೂ ಇಲ್ಲ. ಮಡಚಿಟ್ಟ ಸೀರೆಯನ್ನೇ ಬಿಚ್ಚಿ ಮತ್ತೆ ಮಡಚುತ್ತ ನಿಂತಿರಬೇಕು. ಛಾವಣಿಯ ಕ್ಯಾಮರಾ ಕಂಡದ್ದೆಲ್ಲ ಸುಹಾಸನ ಮೊಬೈಲಿಗೆ ಹೋಗುತ್ತಿತ್ತು. ಯಾರಾದರೂ ರ‍್ಯಾಕಿಗೆ ಬೆನ್ನು ಆನಿಸಿದರೆ ಮ್ಯಾನೇಜರನ ಮೇಜಿನ ಫೋನು ರಿಂಗಾಗುತ್ತಿತ್ತು. ಮಧ್ಯಾಹ್ನ ಗೋದಾಮಿನಲ್ಲಿ ಡಬ್ಬಿ ಬಿಚ್ಚುವ ಹೊತ್ತಿಗಷ್ಟೇ ಆರು ಹೆಂಗಸರೂ ನೆಲಕ್ಕೆ ಕುಸಿದು, ಸೀರೆಯ ಬಾಕ್ಸುಗಳ ಮೇಲೆ ಕಾಲು ಚಾಚುತ್ತಿದ್ದರು. ಯಾರ ಪಾದ ಇವತ್ತು ಹೆಚ್ಚು ಬಾತಿದೆ ಎಂದು ನೋಡಿ ನಗುತ್ತಿದ್ದರು. ಎಲ್ಲರಿಗಿಂತ ಹಿರಿಯಳಾದ ಹರ್ಷದಾ ತನ್ನ ಪಾದಕ್ಕೆ ಬೆರಳೊತ್ತಿ ಗುಳಿ ಬೀಳಿಸಿ, "ನೋಡ್ರೇ, ಕಣಕದ ಉಂಡೆ" ಎನ್ನುತ್ತಿದ್ದಳು. ಮಾತೆಲ್ಲ ಮರಾಠಿಯಲ್ಲಿ. ಶೈಲಾ ಅಲ್ಲಿ ಹೆಚ್ಚು ಮಾತಾಡದಿದ್ದರೂ ಆ ಅರ್ಧ ತಾಸು ಅವಳಿಗೆ ಇಷ್ಟವಾಗಿತ್ತು. ಅವಳ ಶೇಂಗಾ ಚಟ್ನಿಗೆ ಎಲ್ಲರೂ ಕೈ ಚಾಚುತ್ತಿದ್ದರು.

ಡಾಕ್ಟರರ ಹತ್ತಿರ ಹೋಗಿಬಂದ ವಾರ ಅವಳ ಕಾಲಿನ ಪಟ್ಟಿ ಹರ್ಷದಾಳ ಕಣ್ಣಿಗೆ ಬಿತ್ತು. ಬಿಚ್ಚಿಸಿ ನೋಡಿದಳು. ಆ ದಿನ ಯಾರೂ ನಗಲಿಲ್ಲ. ಹರ್ಷದಾ ಇಂದೂ ಎಂಬ ಹೆಸರಿನವರ ವಿಷಯ ತೆಗೆದಳು. ಶಿವಾಜಿನಗರದಲ್ಲಿ ಕೆಲಸಗಾರ ಹೆಂಗಸರ ಸಂಘಟನೆ ನಡೆಸುತ್ತಾರೆ, ಬೇರೆ ರಾಜ್ಯಗಳಲ್ಲಿ ಅಂಗಡಿಯವರು ಕೂಡಲಿಕ್ಕೆ ಆಸನ ಕೊಡಲೇಬೇಕೆಂದು ಕಾನೂನಿದೆ, ಇಲ್ಲಿಯೂ ಆಗಲೆಂದು ಓಡಾಡುತ್ತಿದ್ದಾರೆ ಅಂದಳು. ಕಾನೂನು ಆಗುವಾಗ ಆಗಲಿ, ನಾವು ಮೊದಲು ಕೇಳೋಣ ಎಂದು ಎಲ್ಲರೂ ಕೂಡಿ ಮಾತಾಡಿಕೊಂಡರು. ಮಂಗಳವಾರ ಸುಹಾಸಶೇಟ್ ಮೇಲಿನ ಆಫೀಸಿಗೆ ಬಂದಾಗ ಆರು ಮಂದಿಯೂ ಒಟ್ಟಿಗೆ ಮೆಟ್ಟಿಲು ಹತ್ತುವುದು, ಪ್ರತಿ ಕೌಂಟರಿನ ಹಿಂದೆ ಒಂದೊಂದು ಸ್ಟೂಲು ಕೇಳುವುದು. ಆದರೆ ಬಾಯಿ ತೆಗೆಯುವವರು ಯಾರು?

"ನೀನೇ ಕೇಳು," ಎಂದಳು ಹರ್ಷದಾ. "ನಿಮ್ಮ ಜನ, ನಿಮ್ಮ ಭಾಷೆ. ನಮಗಿಲ್ಲ ಅಂದರೂ ನಿನಗೆ ಇಲ್ಲ ಅನ್ನಲಿಕ್ಕಿಲ್ಲ."

ಶೈಲಾಳ ಕೈಯ ತುತ್ತು ಅಲ್ಲೇ ನಿಂತಿತು. ಆದರೂ ಅವಳು ಹೂಂ ಎಂದು ತಲೆಯಾಡಿಸಿದಳು.

ಮನೆಯಲ್ಲಿ ರೊಟ್ಟಿ ಬಡಿಯುತ್ತ ಆ ಮಾತನ್ನು ರೂಢಿ ಮಾಡಿಕೊಂಡಳು. ಸುಹಾಸಣ್ಣಾರ, ನಾವು ಆರೂ ಮಂದಿ ಒಂದು ಮಾತು ಕೇಳಾಕ ಬಂದೀವ್ರಿ. ತಟ್ಟುವ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ ಎಂದುಕೊಂಡಿದ್ದಳು. ಹಿಂದೆ ಕಡಲೆಹಿಟ್ಟು ಕಲಸುತ್ತಿದ್ದ ದೀಪಾಲಿ ನಕ್ಕಳು.

"ರೊಟ್ಟಿಗೆ ಕೇಳಾಕತ್ತೀಯೇನು ಶೈಲಾ? ರೊಟ್ಟಿ ಹೂಂ ಅಂತದ. ಸಾವ್ಕಾರ ಅನ್ನಬೇಕಲ್ಲ."

ಅಂದು ಊಟದ ಹೊತ್ತಿಗೆ ವಿಷಯ ಬಯಲಾಯಿತು. ಹೊಳಬಸಪ್ಪ ಝುಣಕದ ಮೇಲಿಂದ ಕೈ ತೆಗೆದ.

"ಆರು ಮಂದಿ ಗುಂಪು ಕಟಗೊಂಡು ಮ್ಯಾಲ ಏರೂದಂದ್ರ ಏನು? ಮೋರ್ಚಾ ಏನದು?"

"ಜಗಳಲ್ಲಪ್ಪಾ. ಕೇಳೂದು."

"ಕೇಳೂದಿದ್ರ ನಾ ಕೇಳ್ತೀನಿ. ಆ ಹುಡುಗನ್ನ ಈ ಕೈಲೆ ಎತ್ತಿ ಆಡಿಸೀನಿ. ನನ್ನ ಮಾತು ತಗದು ಹಾಕೂದಿಲ್ಲಂವ."

ಕೊರಿಯರ್ ಕಂಪನಿಯಲ್ಲಿ ದಿನವಿಡೀ ಬೈಕು ಓಡಿಸಿ ಬಂದಿದ್ದ ಮಾಂತು ತಾಟಿನಿಂದ ತಲೆ ಎತ್ತದೆ ಅಪ್ಪ ಹೇಳುವುದೇ ಬರೋಬರಿ ಅಂದ. ನಮ್ಮ ನಮ್ಮೊಳಗೆ ಮುಗಿಯುವುದಕ್ಕೆ ಊರೆಲ್ಲ ಯಾಕೆ ಬೇಕು? ಚನ್ನಬಸವ್ವನಿಗೂ ಅದೇ ಸರಿ ಕಂಡಿತು. ಶೈಲಾಗೆ, ನಿಜ ಹೇಳಬೇಕೆಂದರೆ, ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮೆಟ್ಟಿಲು ಹತ್ತಿ ಮಾತಾಡುವುದು ತಪ್ಪಿತು.

ಭಾನುವಾರ ಹೊಳಬಸಪ್ಪ ಇಸ್ತ್ರಿ ಮಾಡಿಸಿದ ಧೋತರ ಉಟ್ಟು, ಕರಿ ಟೊಪ್ಪಿಗೆ ಇಟ್ಟು ಶೆಟ್ಟರ ಮನೆಗೆ ಹೋದ. ಸಾವ್ಕಾರರ ಮನೆಯಲ್ಲಿ ಏನಾದರೂ ಕೇಳುವುದಕ್ಕೆ ಅವರಲ್ಲಿ ಒಂದು ರೀತಿ ಇತ್ತು. ಮೊದಲು ಮನೆಯವರ ಕ್ಷೇಮ, ಊರಿನ ಸುದ್ದಿ, ಆಮೇಲೆ ಚಹಾ. ಕೇಳುವ ಮಾತನ್ನು ಹೊರಟು ನಿಂತು ಚಪ್ಪಲಿ ಮೆಟ್ಟುವ ಹೊತ್ತಿಗೆ, ಈಗಷ್ಟೇ ನೆನಪಾದಂತೆ ಕೇಳಬೇಕು. ಅದೂ ತನ್ನ ಮಕ್ಕಳ ಸಲುವಾಗಿ ಮಾತ್ರ. ಕಂಡವರ ಮಕ್ಕಳ ಸಲುವಾಗಿ ಬಾಯಿ ತೆಗೆದರೆ ಅದು ಸಲಿಗೆ ಮೀರಿದಂತೆ. ಹೊಳಬಸಪ್ಪ ಆ ರೀತಿಯನ್ನು ಒಂದಿಷ್ಟೂ ತಪ್ಪಲಿಲ್ಲ.

ಮನೆಗೆ ಬಂದವನ ಮುಖ ಹೊಳೆಯುತ್ತಿತ್ತು. ಟೊಪ್ಪಿಗೆ ಗೂಟಕ್ಕೆ ಹಾಕಿ, "ಆತು. ಒಂದ ಮಾತಿಗೆ ಆತು" ಎಂದ. ಚನ್ನಬಸವ್ವ ಸಂತೋಷಕ್ಕೆ ಶಿರಾ ಮಾಡಿದಳು. ಎಷ್ಟು ಸ್ಟೂಲು ಎಂದು ಶೈಲಾ ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ. ಹರ್ಷದಾಳಿಗೆ ಮೊಬೈಲಿನಲ್ಲಿ, ಕೆಲಸವಾಯಿತು, ಮಂಗಳವಾರ ಮೇಲೆ ಹೋಗುವುದು ಬೇಡ ಎಂದು ತಿಳಿಸಿದಳು. ಹರ್ಷದಾ ಕೈ ಮುಗಿದ ಚಿತ್ರ ಕಳಿಸಿದಳು. ಉಳಿದವರೂ ಒಬ್ಬೊಬ್ಬರಾಗಿ ಕಳಿಸಿದರು. ಶೈಲಾ ಶಿರಾ ತಿನ್ನುತ್ತ ಆ ಕೈಗಳನ್ನು ಮತ್ತೆ ಮತ್ತೆ ನೋಡಿದಳು.

ಮಂಗಳವಾರ ಬಾಗಿಲು ತೆಗೆದಾಗ ಅಂಗಡಿಯಲ್ಲಿ ಒಂದೇ ಸ್ಟೂಲು ಇತ್ತು. ಹೊಸದು, ಮೇಲೆ ಮೆತ್ತೆ ಹೊಲಿಸಿದ್ದು. ಶೈಲಾಳ ಕೌಂಟರಿನ ಹಿಂದೆ ಇತ್ತು. ಉಳಿದವು ಹಿಂದಿನಿಂದ ಬರುತ್ತಿರಬಹುದೆಂದು ಎಲ್ಲರೂ ಬಾಗಿಲ ಕಡೆ ನೋಡುತ್ತ ನಿಂತರು. ಸುಹಾಸ ಬಂದ. ಎಲ್ಲರ ಎದುರಿಗೇ ಕನ್ನಡದಲ್ಲಿ ಮಾತಾಡಿದ.

"ಕೂಡ್ರು ಶೈಲಾ. ಕಾಕಾ ಬಂದು ಕೇಳಿದ ಮ್ಯಾಲ ಇಲ್ಲ ಅನ್ನಾಕ ಬರ್ತದೇನು? ನೀ ನಮ್ಮ ಮನಿ ಹುಡುಗಿ."

"ಉಳದವರಿಗ್ರಿ?"

"ಅವರು ಕೇಳಿಲ್ಲಲ್ಲ."

ಹೆಂಗಸರಿಗೆ ಮಾತು ತಿಳಿಯಲಿಲ್ಲ. ತಿಳಿಯಬೇಕಾದದ್ದು ತಿಳಿಯಿತು. ಹರ್ಷದಾ ತನ್ನ ಕೌಂಟರಿಗೆ ಹೋಗಿ ಮಡಚಿದ ಸೀರೆಯೊಂದನ್ನು ಬಿಚ್ಚಿದಳು. ಮಧ್ಯಾಹ್ನ ಗೋದಾಮಿನಲ್ಲಿ ಶೈಲಾ ಚಟ್ನಿಯ ಡಬ್ಬಿಯನ್ನು ನಡುವೆ ಇಟ್ಟಳು. ಯಾರೂ ಕೈ ಚಾಚಲಿಲ್ಲ. ಅಪ್ಪ ತನಗೊಬ್ಬಳಿಗೇ ಕೇಳಿದ್ದು ಗೊತ್ತಿರಲಿಲ್ಲ ಎಂದು ಅವಳು ಹೇಳಹೋದಳು. ಮರಾಠಿ ಶಬ್ದಗಳು ಬೇಗ ಬಾಯಿಗೆ ಬರಲಿಲ್ಲ.

"ಬಿಡು," ಎಂದಳು ಹರ್ಷದಾ. "ನಿನ್ನ ಅನುಕೂಲ ಆಯಿತಲ್ಲ. ನಮ್ಮನ್ನ ಮೆಟ್ಟಿಲು ಹತ್ತದಂತೆ ನಿಲ್ಲಿಸಿದ್ದೂ ಆಯಿತು."

ಅಂದಿನಿಂದ ಆ ಅರ್ಧ ತಾಸು ಅವಳಿಗೆ ಎಲ್ಲಕ್ಕಿಂತ ಉದ್ದವಾಯಿತು. ತಾನೊಬ್ಬಳೇ ಬಾಗಿಲ ಬಳಿ ಕೂತು ಉಣ್ಣುತ್ತಿದ್ದಳು. ಸ್ಟೂಲಿನ ಮೇಲೆ ಕೂಡಬಾರದೆಂದು ಹಟ ಹಿಡಿದು ನಿಂತರೆ, ಪಕ್ಕದಲ್ಲಿ ಖಾಲಿ ಸ್ಟೂಲು ಇನ್ನಷ್ಟು ದೊಡ್ಡದಾಗಿ ಕಾಣುತ್ತಿತ್ತು. ನಿಂತರೂ ಯಾರೂ ಅವಳ ಕಡೆ ನೋಡಲಿಲ್ಲ. ಒಂದು ದಿನ ಸಂಜೆ ಕಾಲು ಸೋತು ಕೂತುಬಿಟ್ಟಳು. ನೋವು ಅಷ್ಟು ಬೇಗ ಇಳಿದದ್ದು ಕಂಡು ಅವಳಿಗೆ ನಾಚಿಕೆಯಾಯಿತು. ಎದುರಿನ ಕೌಂಟರಿನಲ್ಲಿ ಹರ್ಷದಾ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು.

ಮನೆಯಲ್ಲಿ ಹೊಳಬಸಪ್ಪ ದಿನವೂ ಕೇಳುತ್ತಿದ್ದ.

"ಕೂತಿದ್ದಿಲ್ಲೋ ಇವತ್ತ?"

"ಹೂಂ ಅಪ್ಪಾ."

ಅಷ್ಟಕ್ಕೆ ಅವನಿಗೆ ರೊಟ್ಟಿ ಒಂದು ಹೆಚ್ಚು ಸೇರುತ್ತಿತ್ತು. ಅಣ್ಣನಿಗೆ ಸಮಸ್ಯೆ ಮುಗಿದಿತ್ತು, ಅವ್ವನಿಗೆ ಹುಣ್ಣು ತುಸು ಒಣಗಿದ್ದು ಕಂಡಿತ್ತು. ಹೇಳಿಕೊಂಡರೆ ಕೇಳುವವರು ಆ ತುಂಬಿದ ಕೋಣೆಯಲ್ಲಿ ಯಾರೂ ಇರಲಿಲ್ಲ.

ರಜೆಯ ದಿನ ಕಾಲಿಗೆ ಪಟ್ಟಿ ತರುತ್ತೇನೆಂದು ಹೇಳಿ ಶೈಲಾ ಒಬ್ಬಳೇ ಶಿವಾಜಿನಗರದ ಬಸ್ಸು ಹತ್ತಿದಳು. ಹಳೆಯ ಕಟ್ಟಡದ ಮೇಲ್ಮಹಡಿಯ ಸಣ್ಣ ಕೋಣೆಯಲ್ಲಿ ಇಂದೂ ಅವಲಕ್ಕಿ ತಿನ್ನುತ್ತ ಕೂತಿದ್ದರು. ಸೊಲ್ಲಾಪುರದವರು, ಕನ್ನಡ ಬರುತ್ತಿತ್ತು. ಅರ್ಧ ತಟ್ಟೆ ಅವಲಕ್ಕಿಯನ್ನು ಶೈಲಾಳ ಮುಂದೆ ಸರಿಸಿ ಸುಮ್ಮನೆ ಕೇಳಿಸಿಕೊಂಡರು. ಶೈಲಾ ಇಷ್ಟು ಹೊತ್ತು ಒಂದೇ ಸಮನೆ ಮಾತಾಡಿದ್ದು ತನಗೇ ನೆನಪಿರಲಿಲ್ಲ.

ಇಂದೂ ಹೇಳಿದ್ದಿಷ್ಟು. ಅಂಗಡಿ ಕೆಲಸದವರ ಕಷ್ಟ ಕೇಳಲಿಕ್ಕೆ ಸರಕಾರದ ಸಮಿತಿಯೊಂದು ಬರುವ ತಿಂಗಳು ಪುಣೆಯಲ್ಲಿ ಕೂಡುತ್ತದೆ. ಬರುವ ಹೆಂಗಸರೆಲ್ಲ ತಮ್ಮ ಹೆಸರು ಹೇಳದೆ ಯಾರದೋ ಕಾಲು, ಯಾವುದೋ ಅಂಗಡಿ ಎಂದೇ ಹೇಳುತ್ತಾರೆ. ಹೆದರಿಕೆ. ಹಾಗೆ ಹೇಳಿದ್ದು ಗಾಳಿಯಲ್ಲಿ ಹೋಗುತ್ತದೆ.

"ನನಗ ಸ್ಟೂಲು ಸಿಕ್ಕದ್ರಿ," ಎಂದಳು ಶೈಲಾ. "ನಾ ಮಾತಾಡಿದ್ರ ನಡೀತದೇನ್ರಿ?"

ಇಂದೂ ತಟ್ಟೆ ಪಕ್ಕಕ್ಕಿಟ್ಟರು. "ಸಿಗಲಾರದವರು ಮಾತಾಡೂದು ಭಾಳ ಕೇಳೀನಿ. ಸಿಕ್ಕವರು ಬಂದು ಮಾತಾಡಿದ್ದು ಇನ್ನೂ ಕೇಳಿಲ್ಲ ನೋಡವ್ವಾ."

ಈ ಸಲ ಶೈಲಾ ಮನೆಯಲ್ಲಿ ತಾನೇ ಹೇಳಿದಳು. ಎಣ್ಣೆಗಾಯಿ ಬಡಿಸುತ್ತ, ಸಮಿತಿಯ ಮುಂದೆ ಹೋಗುತ್ತೇನೆ, ನನ್ನ ಹೆಸರು ಅಂಗಡಿಯ ಹೆಸರು ಎರಡೂ ಹೇಳುತ್ತೇನೆ ಎಂದಳು. ಮಾಂತು, ಕೆಲಸ ಹೋದರೆ ಇನ್ನೊಂದು ಕೆಲಸ ನಿನ್ನ ಇಂದೂ ಕೊಡಿಸುತ್ತಾಳೇನು ಎಂದು ರೇಗಿದ. ಚನ್ನಬಸವ್ವನಿಗೆ ಬೇರೆಯದೇ ಸಂಕಟ.

"ಮಂದಿ ಮುಂದ ಕಾಲು ತೋರಸ್ತಿ? ನಾಳೆ ಯಾರು ಬರ್ತಾರ ನಿನ್ನ ನೋಡಾಕ?"

"ಕಾಲು ನೋಡಿ ಹೋಗವರು ಹೋಗಲವ್ವಾ."

ಹೊಳಬಸಪ್ಪ ತುತ್ತು ಕೆಳಗಿಟ್ಟ. ಅವನ ದನಿ ತಗ್ಗಿಯೇ ಇತ್ತು.

"ನಿನಗ ಬೇಕಾದದ್ದು ಸಿಕ್ತಲ್ಲ. ಇನ್ನ ಯಾರ ಸಲುವಾಗಿ ಇದು?"

"ಅಪ್ಪಾ, ನೀ ಗಾದಿ ಮ್ಯಾಲ ಕೂತು ಮಾರ್ತಿದ್ದೆಲ್ಲ, ಆವಾಗ ಯಾರರ ನಿಂತಿರ್ತಿದ್ರೇನು?"

"ನಿಲ್ಲೂದ್ಯಾಕ? ಎಲ್ಲಾರೂ ಕೂಡೂದ."

"ಸಾವ್ಕಾರೂ?"

"ಸಾವ್ಕಾರೂ. ಗಿರಾಕಿನೂ."

"ನಿನಗೊಬ್ಬಗ ಗಾದಿ ಹಾಸಿ, ಉಳದವರನ್ನ ಸುತ್ತ ನಿಂದರಿಸಿದ್ರ ನೀ ಕೂಡ್ತಿದ್ದೇನು?"

ಹೊಳಬಸಪ್ಪ ತಾಟಿನಲ್ಲೇ ಕೈ ತೊಳೆದು ಎದ್ದ. ಬಾಗಿಲಲ್ಲಿ ನಿಂತು, ಹೊರಗೆ ನೋಡುತ್ತಲೇ ಅಂದ.

"ಈ ಊರಾಗ ನನಗಂತ ಉಳದದ್ದು ಆ ಮನಿ ಮಾನ ಒಂದ. ಅದನ್ನೂ ತಗದಿ."

ಅವನು ಉಂಡ ತಾಟನ್ನು ಶೈಲಾಳೇ ಎತ್ತಿದಳು. ಎಣ್ಣೆಗಾಯಿ ಹಾಗೇ ಉಳಿದಿತ್ತು.

ಸಮಿತಿಯ ಸಭೆಗೆ ಅವಳ ಜೊತೆ ಯಾರೂ ಬರಲಿಲ್ಲ. ಹೊರಡುವಾಗ ದೀಪಾಲಿ ಮಾತ್ರ ತನ್ನ ಗಟ್ಟಿ ಚಪ್ಪಲಿಯನ್ನು ಅವಳ ಮುಂದೆ ಇಟ್ಟು ಒಳಗೆ ಹೋದಳು. ಸಭಾಗೃಹದಲ್ಲಿ ಹೆಸರು ಕೂಗಿದಾಗ ಶೈಲಾ ಎದ್ದು ಮೈಕಿನ ಮುಂದೆ ನಿಂತಳು. ಸಾಲುಗಳ ತುಂಬ ಹೆಂಗಸರು. ಹರ್ಷದಾ ಇದ್ದಾಳೇನೋ ಎಂದು ಹುಡುಕಿದಳು, ಇರಲಿಲ್ಲ. ತನ್ನ ಹೆಸರು, ಅಂಗಡಿಯ ಹೆಸರು ಹೇಳಿದಳು. ಮರಾಠಿ ತೊದಲಿತು. ಅಧಿಕಾರಿಯೊಬ್ಬರು ನಡುವೆ ತಡೆದು, ನಿಮಗೆ ಅಂಗಡಿಯಲ್ಲಿ ಕೂಡಲು ಆಸನ ಇದೆಯೋ ಇಲ್ಲವೋ ಎಂದು ಕೇಳಿದರು.

"ನನಗಿದೆ," ಎಂದಳು. "ಅದಕ್ಕೇ ಬಂದಿದ್ದೇನೆ. ನನ್ನ ಅಪ್ಪ ಅವರ ಹಳೆಯ ನೌಕರ, ಅದಕ್ಕೆ ಕೊಟ್ಟರು. ಉಳಿದ ಐವರಿಗೆ ಅಂಥ ಅಪ್ಪ ಇಲ್ಲ. ಅವರ ಕಾಲೂ ನನ್ನ ಕಾಲಿನ ಹಾಗೇ ಆಗುತ್ತಿವೆ."

ಬಾಗಿ ಪಟ್ಟಿ ಬಿಚ್ಚಿದಳು. ಸೀರೆಯನ್ನು ಮೀನಖಂಡದವರೆಗೆ ಎತ್ತಿ ಹಿಡಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವಳು ಪಟ್ಟಿಯನ್ನು ಮತ್ತೆ ಬಿಗಿಯಾಗಿ ಸುತ್ತಿಕೊಂಡು ತನ್ನ ಸಾಲಿಗೆ ಮರಳಿದಳು.

ಮರುದಿನ ಮರಾಠಿ ಪತ್ರಿಕೆಯೊಂದರ ಒಳಪುಟದಲ್ಲಿ ಅವಳ ಹೆಸರು ಬಂತು. ಮ್ಯಾನೇಜರ್ ಅಂಗಡಿಯ ಬಾಗಿಲಲ್ಲೇ ಅವಳನ್ನು ತಡೆದು, ಬರುವುದು ಬೇಡವೆಂದ. ಗಾಜಿನಾಚೆ ಐವರೂ ಸೀರೆ ಮಡಚುತ್ತಿದ್ದರು. ಹರ್ಷದಾ ಒಮ್ಮೆ ತಲೆಯೆತ್ತಿ ನೋಡಿದಳು, ಮತ್ತೆ ಸೀರೆಗೆ ಕಣ್ಣಿಳಿಸಿದಳು. ಸಂಜೆ ಸುಹಾಸ ಹೊಳಬಸಪ್ಪನಿಗೆ ಫೋನು ಮಾಡಿದ. ಫೋನಿನಲ್ಲಿ ಹೊಳಬಸಪ್ಪ "ಹೌದ್ರಿ, ಹೌದ್ರಿ" ಎಂದಷ್ಟೇ ಅನ್ನುತ್ತಿದ್ದ. ಇಟ್ಟ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ.

ಆಮೇಲೆ ಅವನು ಮಗಳ ಜೊತೆ ನೇರವಾಗಿ ಮಾತಾಡಲಿಲ್ಲ. ಮೊಣಕಾಲಿಗೆ ಮೊಣಕಾಲು ತಾಗುವ ಆ ಕೋಣೆಯಲ್ಲಿ ಕೂತು ಸೊಸೆಗೆ ಹೇಳುತ್ತಿದ್ದ.

"ದೀಪಾ, ಆಕಿ ಕಾಲು ಒಣಗೇದೇನು ಕೇಳು."

ಶೈಲಾ ಮಗ್ಗುಲಲ್ಲೇ ಕೂತು, ಅವಳೂ ದೀಪಾಲಿಗೆ ಹೇಳುತ್ತಿದ್ದಳು. "ಒಣಗೇದಂತ ಹೇಳ್ರಿ ವೈನಿ."

"ಒಣಗೇದಂತ ಮಾವಾರ," ಎಂದು ದೀಪಾಲಿ ನಗದೆ ಹೇಳಿ ತುತ್ತು ನುಂಗುತ್ತಿದ್ದಳು.

ಮನೆಗೆಲಸವೆಲ್ಲ ಮತ್ತೆ ಶೈಲಾಳ ಪಾಲಿಗೆ ಬಂತು. ನೆರೆಯವರ ರವಿಕೆಗಳಿಗೆ ಹುಕ್ಕು ಹಚ್ಚಿ ಒಂದಿಷ್ಟು ಗಳಿಸುತ್ತಿದ್ದಳು. ಒಂದು ಮಧ್ಯಾಹ್ನ ಮೆಂತ್ಯೆ ಸೊಪ್ಪು ಸೋಸುತ್ತ ಕೂತಾಗ ಹರ್ಷದಾಳ ಫೋನು ಬಂತು. ಸಮಿತಿಯವರು ಕಳಿಸಿದ ಜನ ಬೀದಿಯ ಅಂಗಡಿಗಳನ್ನೆಲ್ಲ ನೋಡಿಕೊಂಡು ಹೋದರು, ಮರುದಿನವೇ ಸುಹಾಸಶೇಟ್ ಉದ್ದನೆಯ ಬೆಂಚು ಹಾಕಿಸಿದ ಎಂದಳು. ಪಾಳಿ ಹಚ್ಚಿಕೊಂಡು ಕೂಡುತ್ತಿದ್ದೇವೆ. ಮೊದಲು ನಾನೇ ಕೂತೆ ಅಂದಳು.

"ಹೇಗಿದೆ?" ಎಂದು ಕೇಳಿದಳು ಶೈಲಾ.

"ಕಾಲು ನನ್ನದೇ ಅನಿಸುತ್ತದೆ." ಹರ್ಷದಾ ದನಿ ತಗ್ಗಿಸಿದಳು. "ಅವತ್ತು ನಾನು ಅಂದದ್ದು..." ಅಷ್ಟರಲ್ಲಿ ಗಿರಾಕಿ ಬಂದಿರಬೇಕು. ಫೋನು ಕಡಿಯಿತು.

ಶೈಲಾ ಯಾರಿಗಾದರೂ ಹೇಳಬೇಕೆಂದು ಸುತ್ತ ನೋಡಿದಳು. ಅವ್ವ ಮಲಗಿದ್ದಳು. ವೈನಿ ಹೊರಗೆ ಹೋಗಿದ್ದಳು. ಅಪ್ಪ ಕಿಟಕಿಯ ಬಳಿ ಕೂತಿದ್ದ. ಅವಳು ಮತ್ತೆ ಸೊಪ್ಪು ಸೋಸಿದಳು.

ಆ ವಾರವೇ ಇಂದೂ ಕರೆಸಿದರು. ಬೆಂಚು ಬಂದಿದೆ, ಕಾನೂನು ಬಂದಿಲ್ಲ. ತಪಾಸಣೆ ನಿಂತ ದಿನ ಬೆಂಚೂ ಎದ್ದುಹೋಗುತ್ತದೆ. ಪ್ರತಿ ಬೀದಿಯಿಂದ ತಮ್ಮ ಹೆಸರು ಹೇಳಿ ನಿಲ್ಲುವವರು ಬೇಕು. ಸಂಘಟನೆಯವರು ಹೋದರೆ ಅಂಗಡಿಯ ಹುಡುಗಿಯರು ಹೆದರಿ ಬಾಯಿ ಮುಚ್ಚುತ್ತಾರೆ, ನೀನು ಹೋಗಿ ಅವರನ್ನು ಮಾತಾಡಿಸು ಎಂದರು.

"ನನಗ ಮಾತಾಡಾಕ ಬರೂದಿಲ್ರಿ," ಎಂದಳು ಶೈಲಾ.

"ಮಾತಾಡವರು ನಮ್ಮಲ್ಲಿ ಭಾಳ ಮಂದಿ ಅದಾರ. ಕೇಳಸ್ಕೊಳ್ಳವರು ಬೇಕಾಗೇದ."

ಮೊದಲ ದಿನ ಒಂದು ಬೀದಿಯನ್ನು ಪೂರ್ತಿ ನಡೆದರೂ ಅವಳಿಗೆ ಯಾವ ಅಂಗಡಿಯ ಮೆಟ್ಟಿಲು ಹತ್ತಲೂ ಧೈರ್ಯವಾಗಲಿಲ್ಲ. ಎರಡನೆಯ ದಿನ ಗಿರಾಕಿಗಳಿಲ್ಲದ ಹೊತ್ತು ನೋಡಿ ಒಂದು ಅಂಗಡಿಯೊಳಗೆ ಹೋದಳು. ಕೌಂಟರಿನ ಹಿಂದೆ ಅವಳಿಗಿಂತ ಚಿಕ್ಕ ಹುಡುಗಿಯೊಬ್ಬಳು ನಿಂತಿದ್ದಳು. ಏನು ತೋರಿಸಲಿ ಅಕ್ಕಾ ಎಂದು ಮರಾಠಿಯಲ್ಲಿ ಕೇಳಿದಳು.

ಶೈಲಾ ಏನೂ ಬೇಡ ಎಂದಳು. ಆಮೇಲೆ, "ನಿನ್ನ ಕಾಲು ನೋಯುತ್ತವೆಯಾ?" ಎಂದು ಕೇಳಿದಳು.

ಹುಡುಗಿ ಗಾಬರಿಯಿಂದ ಛಾವಣಿಯ ಮೂಲೆಯ ಕ್ಯಾಮರಾದ ಕಡೆ ನೋಡಿದಳು. ಶೈಲಾ ಹೊರಟುಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹುಡುಗಿ ಹಿಂದಿನ ರ‍್ಯಾಕಿನಿಂದ ಸೀರೆಯೊಂದನ್ನು ಎಳೆದು ಗಾಜಿನ ಮೇಲೆ ಉದ್ದಕ್ಕೂ ಬಿಚ್ಚಿ ಹಾಸಿದಳು. ಅದರ ಅಂಚನ್ನು ತೋರಿಸುವವಳಂತೆ ಬಾಗಿ, ತಲೆ ಎತ್ತದೆ, ತೀರ ಸಣ್ಣ ದನಿಯಲ್ಲಿ ಹೇಳತೊಡಗಿದಳು. ಶೈಲಾ ಸೆರಗನ್ನು ಕೈಗೆತ್ತಿಕೊಂಡು, ನೇಯ್ಗೆ ನೋಡುವವಳಂತೆ ಬೆರಳಾಡಿಸುತ್ತ ಕೇಳುತ್ತ ನಿಂತಳು.